ಸೌಮ್ಯಶ್ರೀ ತಂದ ದಪ್ಪ ಗೋಡೆಯ ವ್ಯಾನು

ಸೌಮ್ಯಶ್ರೀಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಹಾಲಿನ ಬೂತಿನ ಮುಂದೆ. ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪು ಒಣಗಿ ನೇತಾಡುತ್ತಿತ್ತು. ನಾನು ಹಾಲಿನ ಪಾಕೀಟು ಹಿಡಿದು ತಿರುಗುವುದಕ್ಕೂ ಭಾಗ್ಯಮ್ಮ ಸೆರಗು ಸಿಕ್ಕಿಸಿಕೊಂಡು ಬರುವುದಕ್ಕೂ ಸರಿಹೋಯಿತು. ಭಾಗ್ಯಮ್ಮ ನಮ್ಮ ಬೀದಿಯವಳೇ, ನನಗಿಂತ ಚಿಕ್ಕವಳು. ಕುಂಬಾರಕೊಪ್ಪಲಿನಲ್ಲಿ ಸ್ವಂತ ಮನೆ, ಪಕ್ಕದಲ್ಲಿ ಒಂದು ಖಾಲಿ ಸೈಟು, ಹಿತ್ತಲಲ್ಲಿ ಬಾಡಿಗೆಗೆ ಬಿಟ್ಟ ಶೀಟಿನ ಮನೆ. ಇಷ್ಟಿದ್ದ ಮೇಲೆ ಅವಳ ಮಾತಿಗೆ ಬೀದಿಯಲ್ಲಿ ತೂಕ ಜಾಸ್ತಿ.

"ಸರೋಜಕ್ಕ, ನಮ್ಮ ಬಾಡ್ಗೆಯವಳು ಹೆಣದ ಗಾಡಿ ತಂದು ನಮ್ಮ ಸೈಟಲ್ಲಿ ನಿಲ್ಲಿಸ್ಬುಟ್ಟವ್ಳೆ ಕಣಕ್ಕ," ಅಂದಳು.

ಯಾವ ಬಾಡಿಗೆಯವಳು ಅಂದೆ. ಸೌಮ್ಯಶ್ರೀ ಅಂತೆ, ಹೊಸಬಳಂತೆ, ಗಂಡ ಮಹೇಂದ್ರ ಅನ್ನುವವನು ಗೂಡ್ಸ್ ಆಟೋ ಓಡಿಸುತ್ತಾನಂತೆ, ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳಂತೆ, ನೋಡಿದರೆ ಪಾಪ ಅನ್ನಿಸಿ ಮನೆ ಕೊಟ್ಟರೆ ಹೀಗೆ ಮಾಡಿಬಿಟ್ಟಳಂತೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ನಾನು ಹೂ ಕಟ್ಟಿ ಮಾರುವವಳು. ಬೆಳಗಿನ ಹೊತ್ತು ಕೈಗೆ ಬಿಡುವಿರುವುದಿಲ್ಲ. ಆದರೂ ಹೆಣದ ಗಾಡಿ ಅಂದಮೇಲೆ ಮಲ್ಲಿಗೆ ಸ್ವಲ್ಪ ಕಾಯಲಿ ಅನ್ನಿಸಿತು. ಹಾಲು ಒಲೆಯ ಪಕ್ಕ ಇಟ್ಟು ಸೀದಾ ಅಲ್ಲಿಗೇ ಹೋದೆ.

ಸೈಟಿನ ಸುತ್ತ ಅರ್ಧ ಬೀದಿ ನಿಂತಿತ್ತು. ಜಟಕಾದಿಂದ ಹಿಡಿದು ಈಗಿನ ಕರೆಂಟ್ ಆಟೋವರೆಗೆ ನಾನು ಎಷ್ಟೋ ಗಾಡಿ ನೋಡಿದ್ದೇನೆ, ಅಂಥದ್ದನ್ನು ಕಂಡಿರಲಿಲ್ಲ. ಮುಂದಿನ ಮುಖ ಗೂಬೆಯದು, ಎರಡು ದುಂಡನೆಯ ದೀಪ, ನಡುವೆ ಚೂಪಾದ ಮೂಗು. ಹಿಂದಿನದು ಮಾತ್ರ ದೊಡ್ಡ ಮರದ ಪೆಟ್ಟಿಗೆ. ಮೂಲೆಗಳನ್ನು ಗುಂಡಗೆ ತಿರುಗಿಸಿ, ಮೇಲೆ ತಗಡು ಹೊದಿಸಿ, ಯಾವ ಕಾಲದಲ್ಲೋ ಹಸಿರು ಬಣ್ಣ ಬಳಿದಿದ್ದರು. ಕಿಟಕಿ ಅನ್ನುವುದು ಒಂದೂ ಇಲ್ಲ. ಹಿಂಬದಿಗೆ ಒಂದೇ ಬಾಗಿಲು, ಅದಕ್ಕೆ ಹಿತ್ತಾಳೆಯ ಭಾರದ ಚಿಲಕ. ಬಾಗಿಲು ತೆರೆದಿದ್ದರಿಂದ ಗೋಡೆಯ ದಪ್ಪ ಕಾಣುತ್ತಿತ್ತು, ಗೇಣಿಗೆ ಕಡಿಮೆಯಿಲ್ಲ. ಹೊರಗಿಂದ ನೋಡಿದರೆ ಆನೆ, ಒಳಗೆ ಇಣುಕಿದರೆ ಹಸುವಿಗೆ ಸಾಕಾಗುವಷ್ಟು ಜಾಗ. ನೆಲಕ್ಕೆ ಸತುವಿನ ತಗಡು, ಅದರ ಮೇಲೆ ಸಾಲಾಗಿ ಕಬ್ಬಿಣದ ಉರುಳೆಗಳು, ಮೂಲೆಯಲ್ಲಿ ನೀರು ಹೋಗಲು ಒಂದು ತೂತು.

ಸುಂದರೇಶ ಪಾಠ ಹೇಳುತ್ತಿದ್ದ. ಇವನು ಹಳೇ ಮನೆ ಒಡೆಯುವ ಕಂಟ್ರಾಕ್ಟು ಮಾಡುತ್ತಿದ್ದವನು. ಬೀದಿಯಲ್ಲಿ ಯಾವ ಪ್ರಶ್ನೆ ಎದ್ದರೂ ಉತ್ತರ ಅವನ ಜೇಬಿನಲ್ಲಿ ತಯಾರಿರುತ್ತದೆ.

"ಉದ್ದ ನೋಡಿ. ಒಬ್ಬ ಮನುಷ್ಯ ಆರಾಮಾಗಿ ಮಲಗ್ಬೋದು. ಉರುಳೆ ಯಾಕೆ? ಚಟ್ಟ ಒಳಕ್ಕೆ ತಳ್ಳಕ್ಕೆ. ತೂತು ಯಾಕೆ? ತೊಳೆಯಕ್ಕೆ. ಕಿಟಕಿ ಯಾಕಿಲ್ಲ? ಒಳಗಿರೋನಿಗೆ ಏನ್ ನೋಡ್ಬೇಕಾಗೈತೆ?"

ಎಲ್ಲರೂ ತಲೆದೂಗಿದರು. ನಾನೂ ದೂಗಿದೆ, ಅವನು ಹೇಳಿದ್ದು ಅಷ್ಟು ಸರಿಯಾಗಿ ಕೂತಿತ್ತು. ಆಗ ವ್ಯಾನಿನ ಒಳಗಿಂದ ಪೊರಕೆ ಹಿಡಿದ ಒಬ್ಬಳು ಹೊರಬಂದಳು. ನಲವತ್ತರ ಹತ್ತಿರದವಳು, ತೆಳ್ಳಗೆ, ನೈಟಿಯ ಮೇಲೆ ಟವೆಲ್ಲು, ಮೂಗಿನ ಮೇಲೆ ಧೂಳು. ಮೆಟ್ಟಿಲ ಮೇಲೆ ನಿಂತು ಬಹಳ ವಿನಯದಿಂದ ಕೇಳಿದಳು:

"ಅಣ್ಣ, ನೀವೇ ಒಂದ್ಸಲ ಮಲಗಿ ತೋರ್ಸಿ. ಅಳತೆ ಸರಿ ಐತಾ ನೋಡ್ಬುಡಣ."

ಬೀದಿ ಗೊಳ್ಳೆಂದು ನಕ್ಕಿತು. ಸುಂದರೇಶ ಏನೋ ಕೆಲಸ ನೆನಪಾದವನಂತೆ ಹೊರಟುಹೋದ. ಆ ಒಂದು ಮಾತಿಗೆ ಸೌಮ್ಯಶ್ರೀ ಮುಂದೆ ಎಷ್ಟು ದಂಡ ತೆತ್ತಳು ಅಂದರೆ, ಅವನು ಆವತ್ತಿನಿಂದ ಟೀ ಅಂಗಡಿ, ಕಟಿಂಗ್ ಶಾಪು, ರೇಷನ್ ಕ್ಯೂ ಎಲ್ಲಿ ನಿಂತರೂ ಹೆಣದ ಗಾಡಿಯ ವಿಷಯವನ್ನೇ ಎತ್ತುತ್ತಿದ್ದ.

ಅವಳಿಗೆ ಆ ವ್ಯಾನು ಏಕೆ ಬೇಕಿತ್ತು ಅನ್ನುವುದನ್ನು ಅವಳೇ ಹೇಳಿದಳು, ನಾನು ಕೇಳುವ ಮೊದಲೇ. ಲಕ್ಷ್ಮೀಪುರಂನಲ್ಲಿ ಒಂದು ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಆ ಮನೆಯವರು ಅದನ್ನು ಒಡೆಸಿ ಅಪಾರ್ಟ್‌ಮೆಂಟ್ ಕಟ್ಟಿಸಲು ಕೊಟ್ಟು ಮಗಳ ಕಡೆ ಹೊರಟಿದ್ದರು. ಅಡುಗೆ ಕೆಲಸ ಹೋಯಿತು. ಶೆಡ್ಡಿನಲ್ಲಿ ಬಿದ್ದಿದ್ದ ಈ ವ್ಯಾನನ್ನು ಯಜಮಾನರು, ಬೇಕಾದರೆ ಎಳೆದುಕೊಂಡು ಹೋಗಮ್ಮ ಅಂದರಂತೆ. ಮಹೇಂದ್ರ ಆಟೋಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಇದನ್ನು ಫ್ಯಾಕ್ಟರಿ ಗೇಟಿನ ಎದುರು ನಿಲ್ಲಿಸಿ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನ ಮಾರಬೇಕು ಅನ್ನುವುದು ಅವಳ ಲೆಕ್ಕ. ಅಕ್ಷಯ ತದಿಗೆಯ ದಿನ ಶುರು.

"ಓಡೋದೇನ್ ಬೇಕಾಗಿಲ್ಲ ಅಮ್ಮ, ನಿಂತ್ಕೊಂಡ್ರೆ ಸಾಕು. ನಾನೇ ಓಡಾಡ್ತೀನಲ್ಲ," ಅಂದಳು.

ಆದರೆ ಆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗಂಡಸರಲ್ಲಿ ಬಹಳ ಮಂದಿ ನಮ್ಮ ಕೊಪ್ಪಲಿನವರೇ. ಹೆಣ ಹೊತ್ತ ಗಾಡಿಯ ಇಡ್ಲಿ ಯಾರು ತಿಂದಾರು? ಅವರ ಹೆಂಡಿರು ಮೊದಲೇ ಹೇಳಿ ಕಳಿಸುತ್ತಿದ್ದರು, ಅಲ್ಲಿ ಒಂದು ಲೋಟ ನೀರೂ ಮುಟ್ಟಬೇಡಿ ಅಂತ. ಭಾಗ್ಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಅಕ್ಷಯ ತದಿಗೆಯ ಒಳಗೆ ಆ ಗಾಡಿ ಸೈಟಿನಿಂದ ಹೋಗಬೇಕು, ಇಲ್ಲದಿದ್ದರೆ ಗಾಡಿಯ ಜೊತೆ ನೀನೂ ಮನೆ ಖಾಲಿ ಮಾಡು ಅಂದುಬಿಟ್ಟಳು. ಹಾಗಾಗಿ ಆ ವ್ಯಾನು ಎಲ್ಲಿಯದು, ಏನು ಸಾಗಿಸುತ್ತಿತ್ತು ಅನ್ನುವುದನ್ನು ಪತ್ತೆ ಮಾಡದೆ ಸೌಮ್ಯಶ್ರೀಗೆ ಬೇರೆ ದಾರಿ ಇರಲಿಲ್ಲ.

ಮೊದಲು ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದಳು. ಅವನು ಬಾನೆಟ್ ಎತ್ತಿದ, ಕೆಳಗೆ ತೂರಿದ, ಮೈತುಂಬ ಗ್ರೀಸು ಮಾಡಿಕೊಂಡು ಎದ್ದ. ಹೆಸರಿನ ಬಿಲ್ಲೆ ಯಾರೋ ಕಿತ್ತಿದ್ದಾರೆ, ಎಂಜಿನ್ನು ಆಮೇಲೆ ಕೂರಿಸಿದ್ದು, ಕೆಳಗಿನ ಚಾಸಿ ಹಳೇ ಫಾರಿನ್ ಲಾರಿಯದು, ಮೇಲಿನ ಪೆಟ್ಟಿಗೆ ಮಾತ್ರ ಇಲ್ಲೇ ಎಲ್ಲೋ ಬಡಗಿಗಳು ಮಾಡಿದ್ದು ಅಂದ. ತಲೆ ವಿಲಾಯ್ತಿ, ಮೈ ಮೈಸೂರು ಅಂತ ಹೇಳಿ ಟೀ ಕುಡಿದು ಹೋದ. ಏನು ಸಾಗಿಸುತ್ತಿತ್ತು ಅಂದರೆ ಅವನಿಗೂ ಗೊತ್ತಿಲ್ಲ.

ಆಮೇಲೆ ಲಕ್ಷ್ಮೀಪುರಂಗೆ ಹೊರಟಳು. ನನ್ನನ್ನೂ ಕರೆದಳು. ನನಗೂ ಅಷ್ಟೊತ್ತಿಗೆ ಆ ವ್ಯಾನಿನ ಹುಚ್ಚು ಹಿಡಿದಿತ್ತು. ಬಸ್ಸಿನಲ್ಲಿ ಅವಳ ಕಥೆಯೆಲ್ಲ ಕೇಳಿದೆ. ಹುಟ್ಟಿದ್ದು ತಿ. ನರಸೀಪುರದ ಕಡೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಸ್ಟೂಲಿನ ಮೇಲೆ ನಿಂತು ಮುದ್ದೆ ತೊಳಸುವುದನ್ನು ಕಲಿತವಳು. ಮದುವೆಯಾಗಿ ಮೈಸೂರಿಗೆ ಬಂದಮೇಲೆ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಸೂಪರ್‌ವೈಸರ್ ಬಾತ್‌ರೂಮಿಗೆ ಹೋದರೂ ಲೆಕ್ಕ ಕೇಳುತ್ತಿದ್ದ ಅಂತ ಬಿಟ್ಟಳು. ಅಡುಗೆ ಕೆಲಸ ಹಿಡಿದಳು. ಪಾತ್ರೆಗಳಿಗೆ ಹೆಸರಿಡುವ ಅಭ್ಯಾಸ ಅವಳಿಗೆ. ದೊಡ್ಡ ಇಡ್ಲಿ ಪಾತ್ರೆಗೆ ಪೈಲ್ವಾನ್, ತಳ ಬಗ್ಗಿದ ಬಾಣಲೆಗೆ ಕುಂಟಯ್ಯ. ಬಸ್ಸಿನಲ್ಲಿ ಕೂತಿದ್ದರೂ ಕೈ ಸುಮ್ಮನಿರಲಿಲ್ಲ, ಮಾತಿನ ಜೊತೆ ಗಾಳಿಯಲ್ಲೇ ರುಬ್ಬುತ್ತಿತ್ತು. ಇಷ್ಟು ವರ್ಷ ಬೇರೆಯವರ ಮನೆಯ ಉಪ್ಪು ಅಳತೆ ನೋಡಿದ್ದಾಯಿತು ಅಮ್ಮ, ಒಂದು ಸಲ ನನ್ನ ಅಳತೆಗೆ ಹಾಕಿ ನೋಡಬೇಕು ಅಂದಳು. ಆ ಮಾತು ಹೇಳುವಾಗ ಮಾತ್ರ ಅವಳ ಕೈ ನಿಂತಿತ್ತು.

ಯಜಮಾನರು ಲಕ್ಷ್ಮೀನರಸಿಂಹ ಅಂತ. ಸಾಮಾನು ಕಟ್ಟಿದ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ವ್ಯಾನನ್ನು ಹರಾಜಿನಲ್ಲಿ ಹಿಡಿದವರು ಅವರ ಭಾವನಂತೆ. ಮನೆಮಂದಿಯನ್ನೆಲ್ಲ ಅದರಲ್ಲಿ ತಿರುಪತಿಗೆ ಕರೆದುಕೊಂಡು ಹೋಗುವ ಆಸೆ ಅವರಿಗೆ. ಕಿಟಕಿಯಿಲ್ಲದ ಪೆಟ್ಟಿಗೆಯಲ್ಲಿ ಕೂತು ಬೆಟ್ಟ ಹತ್ತುವುದಕ್ಕಿಂತ ನಡೆದೇ ಹೋಗುತ್ತೇನೆ ಅಂತ ಅಕ್ಕ ಹಟ ಹಿಡಿದದ್ದರಿಂದ ವ್ಯಾನು ಶೆಡ್ಡು ಸೇರಿತು. ಭಾವ ಹೋದರು, ಅಕ್ಕ ಹೋದರು, ಅದನ್ನು ಯಾರ ಕೈಯಿಂದ ತಂದರು ಅನ್ನುವುದು ಅವರ ಜೊತೆಗೇ ಹೋಯಿತು.

"ನಮ್ಮಮ್ಮ ಅದರಲ್ಲಿ ಉಪ್ಪಿನಕಾಯಿ ಜಾಡಿ ಇಡ್ತಿದ್ರು. ಬೇಸಿಗೆಯಲ್ಲೂ ಬೂಸಲು ಬರ್ತಿರ್ಲಿಲ್ಲ. ಹೆಣದ ಗಾಡಿಯಾಗಿದ್ರೆ ಅವರು ಇಡ್ತಿದ್ರೇನಮ್ಮ?" ಅಂದರು.

ಬೀದಿಗೆ ಬಂದು ಇದನ್ನು ಹೇಳಿದರೆ ಭಾಗ್ಯಮ್ಮ ಒಪ್ಪಲಿಲ್ಲ. ಪಾಪ, ಅವರಿಗೆ ಗೊತ್ತಿರಲಿಲ್ಲ, ಇಟ್ಟರು. ನಮಗೆ ಗೊತ್ತು, ನಾವು ತಿನ್ನಲ್ಲ ಅಂದಳು. ಗೊತ್ತು ಅಂದದ್ದು ಸುಂದರೇಶನ ಮಾತು ನಂಬಿ. ಆದರೆ ಬೀದಿಯಲ್ಲಿ ಒಮ್ಮೆ ಗೊತ್ತಾಗಿಬಿಟ್ಟ ವಿಷಯವನ್ನು ಗೊತ್ತಿಲ್ಲದ ಹಾಗೆ ಮಾಡುವುದು ಸುಲಭವಲ್ಲ.

ಇಷ್ಟರ ಮೇಲೆ ಹಿಟ್ಟಿನ ಎಡವಟ್ಟು ಬೇರೆ ಆಯಿತು. ಸಂಜೆಗೆ ಒಂದು ಸಲ ಇಡ್ಲಿ ಮಾಡಿ ನಮಗೆಲ್ಲ ರುಚಿ ತೋರಿಸಬೇಕು ಅಂತ ಸೌಮ್ಯಶ್ರೀ ಬೆಳಿಗ್ಗೆ ಬೇಗ ಎದ್ದು ಹಿಟ್ಟು ರುಬ್ಬಿದಳು. ಶೀಟಿನ ಮನೆಯಲ್ಲಿ ಜಾಗ ಸಾಲದೆ ಒಂದು ಪಾತ್ರೆ ಅಡುಗೆಮನೆಯಲ್ಲಿ, ಇನ್ನೊಂದು ವ್ಯಾನಿನಲ್ಲಿಟ್ಟು ಬಾಗಿಲು ಹಾಕಿದಳು. ಏಪ್ರಿಲ್ ತಿಂಗಳ ಬಿಸಿಲು, ನಾಯಿಗಳು ಚರಂಡಿಯಲ್ಲಿ ಮಲಗಿದ್ದವು. ಸಾಯಂಕಾಲ ನೋಡಿದರೆ ಅಡುಗೆಮನೆಯ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿದು ಕಟ್ಟೆಯೆಲ್ಲ ಹರಿದಿದೆ. ವ್ಯಾನಿನದು ರುಬ್ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ, ಒಂದು ಗುಳ್ಳೆಯೂ ಎದ್ದಿಲ್ಲ. ಇಣುಕಿ ನೋಡಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಸುದ್ದಿ ಸುಂದರೇಶನಿಗೆ ಮುಟ್ಟಿತು.

"ಹಿಟ್ಟೂ ಕೂಡ ಅದರಲ್ಲಿ ಉಸಿರಾಡಲ್ಲ ಕಣ್ರೀ," ಅಂದನಂತೆ ಟೀ ಅಂಗಡಿಯಲ್ಲಿ.

ನಾನು ಅವಳನ್ನು ಸಮಾಧಾನ ಮಾಡೋಣ ಅಂತ ಹೋದೆ. ಅವಳು ಅಳುತ್ತಿರಲಿಲ್ಲ. ವ್ಯಾನಿನೊಳಗೆ ಕೂತು, ಹಿಟ್ಟಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈ ಅದ್ದಿ ನೋಡುತ್ತಿದ್ದಳು.

"ಅಮ್ಮ, ಹಿಟ್ಟು ತಣ್ಣಗೈತೆ. ಕೈ ಹಾಕಿ ನೋಡಿ."

ಹಾಕಿದೆ. ಬಾವಿಯ ನೀರಿನ ಹಾಗೆ ತಣ್ಣಗಿತ್ತು.

"ಹಿಟ್ಟು ಹುಳಿ ಬರ್ಬೇಕಾದ್ರೆ ಕಾವು ಬೇಕು. ಹೊರಗೆ ಬೆಂಕಿ ಬಿಸ್ಲು. ಇಲ್ಲಿಗೆ ಕಾವೇ ಬಂದಿಲ್ಲ. ಉಪ್ಪಿನಕಾಯಿ ಕೆಡ್ತಿರ್ಲಿಲ್ಲ ಅಂದ್ರಲ್ಲ ಯಜಮಾನ್ರು. ಈ ಗೋಡೇಲಿ ಏನೋ ಐತೆ."

ಹೇಳುತ್ತಲೇ ಎದ್ದು ಹೋಗಿ ಗಂಡನ ಸ್ಕ್ರೂಡ್ರೈವರ್ ತಂದಳು. ಒಳಗೋಡೆಯ ಒಂದು ಹಲಗೆಯ ಮೊಳೆ ಎಬ್ಬಿಸಿದಳು. ಹಲಗೆ ಬಾಯಿ ಬಿಟ್ಟದ್ದೇ ತಡ, ಬುಸಬುಸನೆ ಹೊಟ್ಟು ಸುರಿಯಿತು. ಮರ ಕೊಯ್ದ ಹೊಟ್ಟು, ಭತ್ತದ ಹೊಟ್ಟು, ಎರಡೂ ಬೆರೆತದ್ದು. ಇಬ್ಬರ ತಲೆಯ ಮೇಲೂ ಬಿತ್ತು. ಅವಳು ಕೆಮ್ಮುತ್ತ ನಗುತ್ತ ನನ್ನ ಹೆಗಲು ಹಿಡಿದುಕೊಂಡಳು. ಹೊಟ್ಟು ತುಂಬಿದ ದಪ್ಪ ಗೋಡೆ, ಉದ್ದನೆಯ ಭಾರದ ವಸ್ತು ಜಾರಿಸಲು ಉರುಳೆ, ಕರಗಿದ ನೀರು ಹೋಗಲು ತೂತು. ಸುಂದರೇಶ ಹೇಳಿದ ಒಂದೊಂದು ಗುರುತೂ ನಿಜವೇ, ಕೂಡಿಸಿದ್ದು ಮಾತ್ರ ತಪ್ಪು. ಅದು ಐಸ್ ಗಡ್ಡೆ ಸಾಗಿಸುವ ವ್ಯಾನು. ಮನೆಮನೆಗೆ ಫ್ರಿಜ್ಜು ಬರುವ ಮುಂಚೆ ಐಸು ಬೇಕಾದವರಿಗೆಲ್ಲ ಹಾಸುಗಲ್ಲಿನಂಥ ಗಡ್ಡೆಗಳೇ ಬರುತ್ತಿದ್ದವು. ನನಗೆ ಆ ಗಡ್ಡೆ ಚೆನ್ನಾಗಿ ನೆನಪಿದೆ, ಗಾಡಿ ಮಾತ್ರ ನೋಡಿರಲಿಲ್ಲ.

ಮಾರನೆಯ ದಿನ ಬೀದಿಗೆಲ್ಲ ಹೊಟ್ಟು ತೋರಿಸಿದ್ದಾಯಿತು. ಭಾಗ್ಯಮ್ಮನ ಮುಖ ಸ್ವಲ್ಪ ಸಡಿಲವಾಯಿತು ಅನ್ನುವಷ್ಟರಲ್ಲಿ ಸುಂದರೇಶ ಬಂದ. ಹೊಟ್ಟನ್ನು ಮೂಸಿ ನೋಡಿ, ಸರಿ, ಐಸಿನದೇ ಅಂತ ಒಪ್ಪಿದ. ಒಪ್ಪಿ, ಆ ಕಾಲದಲ್ಲಿ ಐಸು ಯಾರು ತರಿಸುತ್ತಿದ್ದರು ಅಂತ ಕೇಳಿದ. ಬೊಂಬಾಯಿಯಿಂದ ಮಗ ಬರುವವರೆಗೆ ಹೆಣ ಕೆಡದ ಹಾಗೆ ಇಡುತ್ತಿದ್ದದ್ದು ಯಾವುದರ ಮೇಲೆ? ಮತ್ತೆ ಎಲ್ಲರ ಮುಖ ಗಂಟಾಯಿತು. ಭಾಗ್ಯಮ್ಮ, ತದಿಗೆಯ ಮಾತು ನೆನಪಿರಲಿ ಅಂದು ಒಳಗೆ ಹೋದಳು.

ಹಾಗಾದರೆ ಇದನ್ನು ಓಡಿಸಿದವರೇ ಬಾಯಿ ಬಿಟ್ಟು ಹೇಳಬೇಕು ಅಂತ ಸೌಮ್ಯಶ್ರೀ ತೀರ್ಮಾನಿಸಿದಳು. ಐಸು ಬೇಕಾಗಿದ್ದವರು ಇನ್ನು ಯಾರು? ಸೋಡಾದವರು. ಮಾರ್ಕೆಟ್ಟಿನ ಸುತ್ತಮುತ್ತ ಇದ್ದ ಹಳೇ ಸೋಡಾ, ಶರಬತ್ತಿನ ಅಂಗಡಿಗಳನ್ನೆಲ್ಲ ಜಾಲಾಡಿದಳು. ಬೇಕಿತ್ತೋ ಬೇಡವೋ, ಪ್ರತಿ ಅಂಗಡಿಯಲ್ಲೂ ಒಂದು ಸೋಡಾ ಕುಡಿದು ಮಾತು ತೆಗೆಯುವಳು. ತೇಗಿ ತೇಗಿ ಸಾಕಾಗಿ ಕೊನೆಗೆ ಷಡಕ್ಷರಿ ಅನ್ನುವವನ ಅಂಗಡಿಯಲ್ಲಿ ಸುಳಿವು ಸಿಕ್ಕಿತು. ಅವನ ಅಪ್ಪನ ಕಾಲದಲ್ಲಿ ಗೂಬೆ ಮುಖದ ಹಸಿರು ವ್ಯಾನಿನಲ್ಲಿ ಐಸು ಬರುತ್ತಿತ್ತು, ಇಳಿಸುತ್ತಿದ್ದವನು ಚಿಕ್ಕಯ್ಯ, ಅಶೋಕಪುರಂನಲ್ಲಿ ಇನ್ನೂ ಗಟ್ಟಿಯಾಗಿದ್ದಾನೆ ಅಂದ.

ಚಿಕ್ಕಯ್ಯನನ್ನು ಮಹೇಂದ್ರ ಆಟೋದಲ್ಲಿ ಕೂರಿಸಿಕೊಂಡು ಬಂದ. ಎತ್ತರದ ಆಳು, ಈಗ ಸ್ವಲ್ಪ ಬಾಗಿದ್ದಾರೆ. ಬಲಗೈಯ ಬೆರಳುಗಳು ಏನನ್ನೋ ಹಿಡಿದ ಹಾಗೆ ಮಡಚಿಕೊಂಡೇ ಇದ್ದವು. ಸೈಟಿಗೆ ಬಂದು ವ್ಯಾನನ್ನು ಮುಂದಿನಿಂದ ನೋಡಲೂ ಇಲ್ಲ. ಸೀದಾ ಹಿಂದೆ ಹೋದರು, ಬಾಗಿಲ ಒಳಗೆ ಕತ್ತಲಲ್ಲಿ ಎಡಗಡೆ ಮೇಲಕ್ಕೆ ಕೈ ಹಾಕಿದರು. ಅಲ್ಲೊಂದು ಕೊಕ್ಕೆ ಇತ್ತು. ಇಷ್ಟು ದಿನ ಗುಡಿಸಿದ ಸೌಮ್ಯಶ್ರೀಯೂ ಅದನ್ನು ಕಂಡಿರಲಿಲ್ಲ.

"ಇಲ್ಲಿ ಗಡ್ಡೆ ಎತ್ತೋ ನನ್ನ ಇಕ್ಕಳ ತಗಲಾಕ್ತಿದ್ದೆ," ಅಂದರು.

ಆಮೇಲೆ ನೆರಳಿನಲ್ಲಿ ಕೂತು ಎಲ್ಲ ಹೇಳಿದರು. ಬ್ರಿಟಿಷರ ಕಾಲದ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿಗಳಲ್ಲಿ ಒಂದನ್ನು ಐಸಿನ ಯಜಮಾನರು ಬೆಂಗಳೂರಿನಿಂದ ತಂದರಂತೆ. ಪೆಟ್ಟಿಗೆ ಕಟ್ಟಿದ್ದು ಅಶೋಕಪುರಂನ ಬಡಗಿಗಳು. ರೈಲು ಬೋಗಿ ಕಟ್ಟುವ ಕೆಲಸ ಬಲ್ಲವರು, ರಜೆಯ ದಿನಗಳಲ್ಲಿ ಬಂದು ಕಟ್ಟಿದರು. ಅದಕ್ಕೇ ಮೂಲೆಗಳು ರೈಲಿನ ಹಾಗೆ ಗುಂಡಗಿವೆ. ಆಮೇಲೆ ಒಳಗಿನ ಹೊಟ್ಟು ನೋಡಿಕೊಂಡದ್ದು ಚಿಕ್ಕಯ್ಯನವರೇ, ಹುಡುಗರಾಗಿದ್ದಾಗಲೇ ಕೆಲಸಕ್ಕೆ ಸೇರಿದ ಅವರು ಮೂರು ಸಲ ಅದನ್ನು ಬದಲಾಯಿಸಿದ್ದರು. ಐಸಿನ ಕಾರ್ಖಾನೆ ಮುಚ್ಚಿದಾಗ ವ್ಯಾನು ಹರಾಜಾಯಿತು.

ಸೌಮ್ಯಶ್ರೀ ಕೇಳಬೇಕಾದದ್ದನ್ನು ಕೇಳಿದಳು. "ತಾತ, ಇದು ಸಾವಿನ ಮನೆಗೆ ಹೋಗ್ತಿತ್ತಾ?"

"ಹೋಗ್ದೆ ಏನವ್ವ. ಐಸು ಜಾಸ್ತಿ ಬೇಕಾಗ್ತಿದ್ದಿದ್ದೇ ಎರಡು ಮನೆಗೆ. ಮದುವೆ ಮನೆ, ಸಾವಿನ ಮನೆ. ಬೇಸ್ಗೇಲಿ ಎರಡೂ ಜಾಸ್ತಿ."

ಅವಳ ಮುಖ ಇಳಿಯಿತು. ಚಿಕ್ಕಯ್ಯ ಅದನ್ನು ಗಮನಿಸದೆ ಮುಂದುವರಿಸಿದರು. ಹೆಣವನ್ನು ಇದರಲ್ಲಿ ಒಂದು ದಿನವೂ ಇಟ್ಟವರಲ್ಲ, ಗಡ್ಡೆ ಮಾತ್ರ. ಆದರೆ ಯಜಮಾನರದು ಒಂದು ಪದ್ಧತಿ ಇತ್ತಂತೆ. ಮದುವೆ ಮನೆಗಾದರೆ ಚಪ್ಪರದ ತನಕ ಗಂಟೆ ಬಾರಿಸಿಕೊಂಡು ಹೋಗಬೇಕು. ಸಾವಿನ ಮನೆಗಾದರೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಬೇಕು, ಗಾಡಿ ಬೀದಿಯ ತುದಿಯಲ್ಲೇ ನಿಲ್ಲಬೇಕು, ಗಡ್ಡೆಯನ್ನು ಗೋಣಿಯಲ್ಲಿ ಹೊತ್ತು ಹಿಂಬಾಗಿಲಿಗೆ ತಲುಪಿಸಬೇಕು.

ಗಂಟೆ ಅಂದಾಗ ನನಗೆ ಹಳೆಯದು ನೆನಪಾಯಿತು. ನನ್ನ ಮದುವೆ ಆದದ್ದು ವೈಶಾಖದಲ್ಲಿ. ಹಸೆಮಣೆಗೆ ಕರೆಯುವ ಮುಂಚೆ ಒಳಗಿನ ಕೋಣೆಯಲ್ಲಿ ಕೂತಿದ್ದಾಗ ಹೊರಗೆ ಗಂಟೆ ಕೇಳಿತು, ಮಕ್ಕಳೆಲ್ಲ ಐಸು ಐಸು ಅಂತ ಓಡಿದರು, ನನ್ನ ಕೈಗೂ ಯಾರೋ ಒಂದು ತುಂಡು ತಂದು ಕೊಟ್ಟರು. ಅರಿಶಿನದ ಅಂಗೈಯಲ್ಲಿ ಅದು ಹಳದಿಯಾಗಿ ಕರಗಿತು. ನನ್ನ ಗಂಡ ತೀರಿಕೊಂಡದ್ದೂ ಬೇಸಿಗೆಯಲ್ಲೇ. ಆವತ್ತು ಯಾವ ಗಂಟೆಯೂ ಕೇಳಲಿಲ್ಲ. ಹಿತ್ತಲ ಹೊಸ್ತಿಲ ಮೇಲೆ ಒದ್ದೆ ಗೋಣಿಯ ಗುರುತು, ಸುತ್ತ ನಾಲ್ಕು ಕಾಳು ಹೊಟ್ಟು, ಅಷ್ಟೇ ಕಂಡದ್ದು. ಎರಡು ಸಲವೂ ನಾನು ಒಳಗೇ ಕೂತಿದ್ದೆ. ಹೊರಗೆ ಯಾವ ಗಾಡಿ ನಿಂತಿತ್ತು ಅಂತ ನೋಡಲಿಲ್ಲ. ಇದನ್ನು ಸೌಮ್ಯಶ್ರೀಗೆ ಹೇಳಿದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟಳು.

ಆಮೇಲೆ ನಾನು ಒಂದು ಬುದ್ಧಿ ಹೇಳಿದೆ. ಮದುವೆ ಮನೆಯದನ್ನು ಮಾತ್ರ ಬೀದಿಗೆ ಹೇಳು, ಇನ್ನೊಂದನ್ನು ನುಂಗಿಬಿಡು, ಚಿಕ್ಕಯ್ಯನೂ ಬೇಡ ಅನ್ನುವವರಲ್ಲ ಅಂದೆ.

"ಬೇಡ ಅಮ್ಮ," ಅಂದಳು. "ಮುಚ್ಚಿಟ್ರೆ ದಿನಾ ಇಡ್ಲಿ ಜೊತೆ ಭಯಾನೂ ಬೇಯಿಸ್ಬೇಕಾಗ್ತದೆ. ಒಂದೇ ಸಲ ಹೇಳ್ಬುಡ್ತೀನಿ. ತಿನ್ನೋರು ತಿನ್ಲಿ."

ಅವತ್ತು ಬಿಸಿಲು ಇಳಿದ ಮೇಲೆ ಸೈಟಿನಲ್ಲಿ ಚಾಪೆ ಹಾಸಿ ಬೀದಿಯವರನ್ನು ಕರೆದಳು. ಚಿಕ್ಕಯ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಮನೆಯದನ್ನೂ ಬಿಡದೆ ಹೇಳಿಸಿದಳು. ಸುಂದರೇಶ ಕೈಕಟ್ಟಿ ನಿಂತು, ನಾನು ಹೇಳಲಿಲ್ಲವಾ ಅನ್ನುವ ಹಾಗೆ ಎಲ್ಲರನ್ನೂ ನೋಡಿದ. ಗುಸುಗುಸು ಎದ್ದಿತು. ನಾಲ್ಕು ಜನ ಎದ್ದೂ ಬಿಟ್ಟರು.

ಅಷ್ಟರಲ್ಲಿ ಚಿಕ್ಕಯ್ಯ, ಈ ಕೊಪ್ಪಲಿಗೂ ಒಂದು ಮದುವೆಗೆ ಬಂದಿದ್ದೆ, ಎರಡು ಡ್ರಮ್ಮು ರೋಜ್ ಶರಬತ್ತು ಮಾಡಿದ್ದರು, ಗಂಡಿನ ಕಡೆಯವರು ಐಸಿಗಾಗಿ ಕಿತ್ತಾಡಿ ಒಬ್ಬನ ಪಂಚೆಯೇ ಬಿಚ್ಚಿಹೋಯಿತು ಅಂತ ನೆನಪು ಮಾಡಿಕೊಂಡರು. ಎಲ್ಲರೂ ಒಟ್ಟಿಗೆ ಭಾಗ್ಯಮ್ಮನ ಕಡೆ ತಿರುಗಿದರು. ತನ್ನ ಮದುವೆಯಲ್ಲಿ ಐಸು ಹಾಕಿದ ರೋಜ್ ಶರಬತ್ತು ಡ್ರಮ್ಮುಗಟ್ಟಲೆ ಇತ್ತು, ತನ್ನಪ್ಪ ಅಂಥ ಮದುವೆ ಮಾಡಿದ ಅನ್ನುವುದನ್ನು ಭಾಗ್ಯಮ್ಮ ನಮಗೆ ಹೇಳದೆ ಬಿಟ್ಟ ಬೇಸಿಗೆಯೇ ಇಲ್ಲ. ಬಿಚ್ಚಿದ ಪಂಚೆ ಯಾರದು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಅವಳ ಗಂಡ ಮೆಲ್ಲಗೆ ಎದ್ದು ಮನೆಯೊಳಗೆ ಹೋದರು.

ಭಾಗ್ಯಮ್ಮ ಎದ್ದು ಬಂದು ವ್ಯಾನಿನ ಹಿತ್ತಾಳೆ ಚಿಲಕ ಮುಟ್ಟಿ ನೋಡಿದಳು.

ಸುಂದರೇಶ ಬಿಡಲಿಲ್ಲ. "ಆದ್ರೂ ಸಾವಿನ ಮನೆಗೆ ಹೋಗಿರೋ ಗಾಡಿ ತಾನೆ," ಅಂದ.

"ನೀನು ಹೋಗಿಲ್ವ ಸಾವಿನ ಮನೆಗೆ? ತಿಥಿ ಊಟಕ್ಕೆ ಎಲ್ಲರಿಗಿಂತ ಮುಂಚೆ ಕೂತಿರ್ತೀಯ. ನಿನ್ನ ನಾವು ಬೀದಿ ಬುಟ್ಟು ಓಡ್ಸಿದ್ದೀವಾ?" ಅಂದಳು ಭಾಗ್ಯಮ್ಮ. "ನಾಲ್ಕು ಲೋಟ ಕುಡ್ದಿದ್ದೆ ಕಣಯ್ಯ ಆವತ್ತು. ಏನಾಗಿದೀನಿ ನಾನು, ಗುಂಡುಕಲ್ಲಂಗಿಲ್ವ?"

ಗಾಡಿ ಖಾಲಿ ಮಾಡುವ ಮಾತು ಅಲ್ಲಿಗೆ ನಿಂತಿತು. ಮಾರನೆಯ ದಿನವೇ ಭಾಗ್ಯಮ್ಮ ಹಸಿರು ಪೇಂಟಿನ ಡಬ್ಬಿ ತರಿಸಿ ಕೊಟ್ಟಳು, ಬಣ್ಣ ಬಳಿಯುವಾಗ ಕುರ್ಚಿ ಹಾಕಿಕೊಂಡು ಕೂತು ಅಲ್ಲಿ ಬಿಟ್ಟಿದ್ದೀಯ ಇಲ್ಲಿ ಬಿಟ್ಟಿದ್ದೀಯ ಅಂತ ತೋರಿಸಿದಳು. ಹಾಗಂತ ಬೀದಿಯವರೆಲ್ಲ ಮನಸ್ಸು ತೊಳೆದುಕೊಂಡರು ಅಂತಲ್ಲ. ಬೈದವರಿಲ್ಲ, ಆದರೆ ಮೊದಲು ಬೇರೆಯವರು ತಿನ್ನಲಿ, ಒಂದು ವಾರ ನೋಡೋಣ ಅಂದವರೇ ಹೆಚ್ಚು. ಗೇಟಿನಲ್ಲಿ ಮೊದಲ ತಟ್ಟೆಗೆ ಯಾರು ಕೈ ಒಡ್ಡುತ್ತಾರೆ ಅಂತ ಫ್ಯಾಕ್ಟರಿ ಗಂಡಸರು ತಮಾಷೆಗೆ ಬೆಟ್ ಕಟ್ಟಿದ್ದೂ ಕಿವಿಗೆ ಬಿತ್ತು.

ನಾಳೆ ಅಕ್ಷಯ ತದಿಗೆ. ಇವತ್ತು ಸಂಜೆ ನಾನು ಮೊಗ್ಗು ಸುರುವಿಕೊಂಡು ಕಟ್ಟಲು ಕೂತಿದ್ದಾಗ ಸೌಮ್ಯಶ್ರೀ ಬಂದಳು. ಕೈಯಲ್ಲಿ ಉದ್ದಿನ ಹಿಟ್ಟು ಇನ್ನೂ ಅಂಟಿತ್ತು. ಕೂತ್ಕೋ ಅಂದರೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ವ್ಯಾನಿಗೆ ಹಾರ ಬೇಕೇನೋ ಅಂತ, ಎಷ್ಟು ಮಾರು ಕಟ್ಟಲಿ ಅಂದೆ. ಹಾರ ಇರಲಿ ಅಮ್ಮ, ನಾಳೆ ಬೋಣಿ ನೀವು ಮಾಡಬೇಕು ಅಂದಳು.

ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೆ ಅನ್ನುವುದನ್ನು ನಮ್ಮಲ್ಲಿ ತಳ್ಳುಗಾಡಿಯವನೂ ನೋಡುತ್ತಾನೆ. ನಾನೇ ಹೂವಿನ ಬುಟ್ಟಿ ಹಿಡಿದು ಹೊರಟಾಗ ನೋಡುತ್ತೇನೆ. ನನ್ನಂಥವರನ್ನು ಅದಕ್ಕೆ ಯಾರೂ ಕರೆಯುವುದಿಲ್ಲ, ಅದೂ ಹೊಸ ಅಂಗಡಿಯ ಮೊದಲ ದಿನ. ಭಾಗ್ಯಮ್ಮ ಇದ್ದಾಳಲ್ಲ, ಮುತ್ತೈದೆ, ಮೊಮ್ಮಕ್ಕಳು ಕಂಡವಳು, ಕರೆಯಲಿ ಅಂತ ಕಾಯುತ್ತಲೂ ಇದ್ದಾಳೆ ಅಂದೆ. ಮೊದಲೇ ಜನ ಹಿಂದೆಮುಂದೆ ನೋಡುತ್ತಿದ್ದಾರೆ, ನಾನು ಬಂದು ನಿಂತರೆ ಇನ್ನೂ ಕೆಟ್ಟೀತು ಕಣಮ್ಮ ಅಂದೆ.

"ಎರಡು ಮನೆಗೂ ಹೋಗಿಬಂದಿರೋ ಗಾಡಿ ಇದು. ಎರಡೂ ಕಂಡೋರೇ ಬೋಣಿ ಮಾಡ್ಲಿ," ಅಂದಳು. "ಭಾಗ್ಯಮ್ಮ ಆಂಟಿ ಎರಡನೇ ತಟ್ಟೆಗೆ ಒಪ್ಕೊಂಡವ್ರೆ."

ನಾನು ಮೊಗ್ಗು ಕಟ್ಟುತ್ತಿದ್ದ ದಾರವನ್ನು ಎಳೆದು ಇನ್ನೊಂದು ಗಂಟು ಹಾಕಿದೆ. ಆಗಲಿ ಅನ್ನುವ ಮೊದಲೇ ಅವಳು ಮೆಟ್ಟಿಲಿಳಿದು ಅರ್ಧ ಬೀದಿ ಹೋಗಿದ್ದಳು. ಅಲ್ಲಿಂದ ಏನೋ ನೆನಪಾಗಿ ವಾಪಸು ಬಂದಳು.

"ಅಮ್ಮ, ಇನ್ನೊಂದು. ಚಟ್ನಿ ಖಾರ ಆಗಿದ್ರೆ ಗೇಟ್ ಹತ್ರ ಹೇಳ್ಬೇಡಿ. ಮನೇಗ್ ಬಂದ್ಮೇಲೆ ಹೇಳಿ."